ಬೆಳ್ಳಿ ಮೊದಲೋ, ಕಪ್ಪು ಮೊದಲೋ?

(ಬೀದರ್‌ನಲ್ಲಿ ಒಂದು ಭಾನುವಾರ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ. ಕರೆಂಟು ಹೋದಾಗಿನ ಮಾತೂ ಇದೆ. ಆ ದಿನದ ಒಳ್ಳೆಯ ಪಾಠ ಕತ್ತಲಲ್ಲೇ ಆಗಿದ್ದು.)

ಎಲ್ಲರಿಗೂ ನಮಸ್ಕಾರ. ಮೊದಲು ಇದನ್ನು ಹಿಡಿದುಕೊಳ್ಳಿ. ಮುಂದಿನ ಸಾಲಿನವರು ಕೈಗೆ ತಗೊಂಡು, ತಿರುಗಿಸಿ ನೋಡಿ, ಹಿಂದಿನವರಿಗೆ ಕೊಡಿ. ಹೆದರಬೇಡಿ, ಸುಮ್ನೆ ಒಡೆದುಹೋಗುವಂಥದ್ದಲ್ಲ. ಗೇಣುದ್ದದ ಒಂದು ಬಿದ್ರಿ ಸುರಾಹಿ, ಅಂದರೆ ಉದ್ದ ಕಂಠದ ಹೂಜಿ. ಬೀದರ್ ಮಂದಿಗೇ ಬಿದ್ರಿ ತೋರಿಸಲಿಕ್ಕೆ ಬಂದಾಳಲ್ಲ ಅಂತ ನಗಬೇಡಿ. ಶೋಕೇಸಿನಲ್ಲಿ, ಮದುವೆ ಉಡುಗೊರೆಯಲ್ಲಿ, ಸನ್ಮಾನದ ತಟ್ಟೆಯಲ್ಲಿ ನೋಡಿ ನೋಡಿ ನಿಮಗೆ ಸಾಕಾಗಿದೆ ಅಂತ ಗೊತ್ತು. ನನಗೂ ಸಾಕಾಗಿತ್ತು. ಆಮೇಲೆ ಅದನ್ನು ಕಂಪ್ಯೂಟರ್‌ನಲ್ಲಿ ಮಾಡಲು ಕೂತೆ. ಆಗ ಗೊತ್ತಾಯ್ತು, ನಾನು ಬಿದ್ರಿಯನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ನನ್ನ ಕೆಲಸ ವಿಡಿಯೋ ಗೇಮ್‌ಗಳಿಗೆ ವಸ್ತು ಮಾಡಿಕೊಡುವುದು. ಕೊಡ, ಕುರ್ಚಿ, ಬಾಗಿಲು, ಕತ್ತಿ, ಲಾಟೀನು. ಆಕಾರ ಮಾಡುವುದು ಒಂದು ಭಾಗ. ಆ ಆಕಾರಕ್ಕೆ ಮೈ ಕೊಡುವುದು ಇನ್ನೊಂದು ಭಾಗ. ಇವತ್ತು ಎರಡನೆಯದರ ಬಗ್ಗೆ ಮಾತ್ರ ಮಾತಾಡುತ್ತೇನೆ. ಟೆಕ್ಸ್ಚರಿಂಗ್ ಅಂತ ಅದಕ್ಕೆ ಹೆಸರು.

ಹಣ ಸಿಕ್ಕ ಮೊದಲ ಕೆಲಸದಲ್ಲಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಒಂದು ಗೇಮ್‌ನಲ್ಲಿ ದಖನಿ ಸುಲ್ತಾನರ ಕಾಲದ ಕೋಣೆ ಬೇಕಿತ್ತು. ಕೋಣೆಯಲ್ಲಿ ಸುರಾಹಿ ಬೇಕು ಅಂದರು. ನಾನು ಹುಮನಾಬಾದ್ ಕಡೆಯವಳು, ಇದು ನಮ್ಮೂರಿನದೇ ಅಂತ ಜಂಬ ಬೇರೆ. ನೆಟ್‌ನಲ್ಲಿ ನಾಲ್ಕು ಫೋಟೋ ನೋಡಿ ಆಕಾರ ಮಾಡಿದೆ. ಕಪ್ಪು ಬಳಿದೆ. ಬೆಳ್ಳಿ ಬಳ್ಳಿ ಎಳೆದೆ. ಹಳೆಯದು ಅಂತ ಕಾಣಬೇಕಲ್ಲ, ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ರೆಡಿ ಇದ್ದ ‘ಎಜ್ ವೇರ್’ ಅನ್ನುವ ಎಫೆಕ್ಟ್ ಹಾಕಿದೆ. ಅಂಚು ಅಂಚೆಲ್ಲ ಸವೆದು ಒಳಗಿನ ಲೋಹ ಹೊಳೆಯುವ ಹಾಗೆ ಅದು ತಾನೇ ಮಾಡಿಬಿಡುತ್ತೆ. ಪರದೆಯ ಮೇಲೆ ಭಾರಿ ಚೆಂದ ಕಂಡಿತು.

ಅದೇ ವಾರ ಲ್ಯಾಪ್‌ಟಾಪ್ ಹಿಡಿದು ಹಳೇ ಊರಿನಲ್ಲಿ ಬಿದ್ರಿ ಮಾಡುವ ಒಬ್ಬ ಚಾಚಾನ ಹತ್ತಿರ ಹೋದೆ. ಹೊಗಳಿಸಿಕೊಳ್ಳಲಿಕ್ಕೆ ಹೋಗಿದ್ದು, ಸುಳ್ಳು ಯಾಕೆ. ಚಾಚಾ ಚಷ್ಮಾ ಹಾಕಿಕೊಂಡು, ಮೌಸಿನಲ್ಲಿ ಸುರಾಹಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ ಕಂಠದ ಅಂಚಿನ ಮೇಲೆ ಬೆರಳಿಟ್ಟರು.

“ಬೇಟಾ, ಇಲ್ಲಿ ಬೆಳ್ಳಿ ಯಾರು ಕೂಡಿಸ್ಯಾರ?”

“ಬೆಳ್ಳಿ ಅಲ್ಲ ಚಾಚಾ, ಅಲ್ಲಿ ಸವದದ.”

“ಸವದ್ರ ಬೆಳ್ಳಿ ಹ್ಯಾಂಗ ಹೊರಗ ಬರ್ತದ? ಸವದ್ರ ಒಳಗಿನ ಜಸ್ತಾ ಬರ್ತದ.”

ಜಸ್ತಾ ಅಂದರೆ ಸತು. ನಾನು ಅಲ್ಲೇ ತಣ್ಣಗಾದೆ. ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಆಗಲೇ ಹೊಳೆದಿರಬಹುದು. ಹೊಳೆಯದವರಿಗೆ ಬಿದ್ರಿ ಮಾಡುವ ಕ್ರಮ ಹೇಳುತ್ತೇನೆ.

ಸುರಾಹಿಯ ಮೈ ಬೆಳ್ಳಿಯದಲ್ಲ, ಕಬ್ಬಿಣದ್ದೂ ಅಲ್ಲ. ಸತು ಮತ್ತು ತಾಮ್ರ ಕೂಡಿಸಿದ ಲೋಹ. ಒಂದು ಪಾಲು ತಾಮ್ರಕ್ಕೆ ಹದಿನಾರು ಪಾಲು ಸತು ಅನ್ನುವುದು ವಾಡಿಕೆಯ ಲೆಕ್ಕ. ಅದನ್ನು ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಹೊರಗೆ ತೆಗೆದಾಗ ಒರಟು ಒರಟಾಗಿ ಬೂದು ಬಣ್ಣ ಇರುತ್ತೆ. ಅರ ಹಾಕಿ ಉಜ್ಜಿ ನುಣ್ಣಗೆ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತೆ. ಗೀರಿದ ಗೆರೆ ಕಾಣಲಿ ಅಂತ ಅಷ್ಟೇ. ಅದರ ಮೇಲೆ ಬಳ್ಳಿ, ಹೂವು ಬರೆದು, ಸಣ್ಣ ಉಳಿಯಿಂದ ಕೊರೆಯುತ್ತಾರೆ. ಕೊರೆದ ತೋಡಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಇಟ್ಟು ಬಡಿದು ಕೂಡಿಸುತ್ತಾರೆ. ತಂತಿಯದಾದರೆ ತಾರ್‌ಕಶಿ, ತಗಡಿನದಾದರೆ ತೆಹ್‌ನಿಶಾನ್. ಮತ್ತೆ ಉಜ್ಜುತ್ತಾರೆ. ಈಗ ಬೆಳ್ಳಿ, ಸತು ಎರಡೂ ಬೆಳ್ಳಗೆ. ಯಾವುದು ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಕಪ್ಪು ಬರುವುದು ಕಟ್ಟಕಡೆಗೆ. ಕೋಟೆಯ ಹಳೇ ಮಣ್ಣು, ನವಸಾಗರ, ನೀರು. ವಸ್ತುವನ್ನು ಬಿಸಿ ಮಾಡಿ ಇದನ್ನು ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕೊನೆಗೆ ಒಂದಿಷ್ಟು ಎಣ್ಣೆ ಸವರುತ್ತಾರೆ, ಕಪ್ಪು ಇನ್ನೂ ಗಾಢವಾಗುತ್ತೆ. ಈ ಕೆಲಸಕ್ಕೆ 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, 2023ರಲ್ಲಿ ನಿಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ನನ್ನ ತಪ್ಪು ನೋಡಿ. ಕಪ್ಪು ಅನ್ನುವುದು ಮೇಲಿನ ತೆಳು ಪದರ. ಅದು ಸವೆದರೆ ಕೆಳಗೆ ಇರುವುದು ಮಾಸಲು ಬೂದು ಸತು. ನಾನು ಅಲ್ಲಿ ಫಳಫಳ ಬೆಳ್ಳಿ ತೋರಿಸಿದ್ದೆ. ಇಡೀ ಸುರಾಹಿಯನ್ನು ಬೆಳ್ಳಿಯಲ್ಲೇ ಎರಕ ಹೊಯ್ದು ಮೇಲೆ ಕಪ್ಪು ಪೇಂಟ್ ಹೊಡೆದ ಹಾಗೆ. ಅಷ್ಟು ಬೆಳ್ಳಿ ಇದ್ದವನು ಅದಕ್ಕೆ ಪೇಂಟ್ ಯಾಕೆ ಹೊಡೀತಾನೆ?

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಟೆಕ್ಸ್ಚರ್ ಮಾಡುವ ಸಾಫ್ಟ್‌ವೇರ್ ಎಲ್ಲದರಲ್ಲೂ ಲೇಯರ್ ಇರುತ್ತೆ, ಒಂದರ ಮೇಲೊಂದು ಪದರ. ಮೊದಲು ನಾನು ಚೆಂದ ಕಾಣುವ ಹಾಗೆ ಪದರ ಪೇರಿಸುತ್ತಿದ್ದೆ. ಈಗ ವಸ್ತು ಹೇಗೆ ತಯಾರಾಯಿತೋ ಅದೇ ಕ್ರಮದಲ್ಲಿ ಪೇರಿಸುತ್ತೇನೆ. ಸುರಾಹಿಯ ಫೈಲ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಪದರ ಬೂದು ಸತು. ಅದರ ಮೇಲೆ ಅರದ ಸಣ್ಣ ಗೀರು. ಅದರ ಮೇಲೆ ಬೆಳ್ಳಿ. ಅದರ ಮೇಲೆ, ಬೆಳ್ಳಿ ಇರುವ ಕಡೆ ಬಿಟ್ಟು, ಕಪ್ಪು. ಆಮೇಲೆ ಎಣ್ಣೆ. ಆಮೇಲೆ ಕೈಯ ಗುರುತು, ಧೂಳು. ಸವೆಸಬೇಕಾದರೆ ಮೇಲಿನಿಂದ ಕೆಳಗೆ ಒಂದೊಂದೇ ಪದರ ತೆಗೆಯುತ್ತೇನೆ. ಒಳಗೆ ಏನು ಕಾಣಬೇಕು ಅಂತ ಯೋಚಿಸುವ ಕೆಲಸವೇ ಇಲ್ಲ, ಫೈಲೇ ಹೇಳುತ್ತೆ.

ಸರಿ, ಸ್ವಲ್ಪ ಬುಡಕ್ಕೆ ಹೋಗೋಣ. ಗೇಮ್‌ನ ವಸ್ತು ಅಂದರೆ ಒಳಗೆ ಏನೂ ಇಲ್ಲದ ಪೊಳ್ಳು ಚಿಪ್ಪು. ಸಣ್ಣ ಸಣ್ಣ ತ್ರಿಕೋನ ಜೋಡಿಸಿ ಮಾಡಿದ್ದು. ಅದರ ಮೇಲೆ ಚಿತ್ರ ಹೊದಿಸಬೇಕು. ಈ ಹೊದಿಸುವ ಉಪಾಯ 1974ರಷ್ಟು ಹಳೆಯದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್ಮಲ್ ತಮ್ಮ ಪಿಎಚ್‌ಡಿಯಲ್ಲಿ ಅದನ್ನು ಬರೆದರು. ಮುಂದೆ ಪಿಕ್ಸಾರ್ ಅನ್ನುವ ಅನಿಮೇಷನ್ ಸಿನಿಮಾ ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು.

ಚಿತ್ರ ಚಪ್ಪಟೆ, ಸುರಾಹಿ ದುಂಡಗೆ. ದುಂಡಗಿನದಕ್ಕೆ ಚಪ್ಪಟೆ ಬಟ್ಟೆ ಹೊದಿಸುವ ಕಷ್ಟ ದರ್ಜಿಗೆ ಗೊತ್ತು. ಅವನು ಏನು ಮಾಡುತ್ತಾನೆ? ಕತ್ತರಿಸುತ್ತಾನೆ. ಎದೆ, ಬೆನ್ನು, ತೋಳು, ಕಾಲರ್ ಬೇರೆ ಬೇರೆ. ನಾವೂ ಅದನ್ನೇ ಮಾಡುತ್ತೇವೆ. ಸುರಾಹಿಯ ಹೊಟ್ಟೆ, ಕಂಠ, ಪೀಠ, ಬಾಯಿ. ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಾಕಿದರೆ ಸಾಫ್ಟ್‌ವೇರ್ ಬಿಡಿಸಿ ಹಾಸುತ್ತೆ. ಇದಕ್ಕೆ ಯುವಿ ಅನ್‌ರ‍್ಯಾಪ್ ಅನ್ನುತ್ತಾರೆ. ಕತ್ತರಿಸಿದ ಕಡೆ ಹೊಲಿಗೆ ಬರುತ್ತೆ, ಹೊಲಿಗೆ ಕಣ್ಣಿಗೆ ಬೀಳುತ್ತೆ. ಅದಕ್ಕೆ ಹೊಲಿಗೆಯನ್ನು ಕಂಕುಳಲ್ಲಿ ಬಚ್ಚಿಡಬೇಕು. ಸುರಾಹಿಗೆ ಕಂಕುಳಿಲ್ಲ. ಆದರೆ ಹೊಟ್ಟೆ ಕಂಠಕ್ಕೆ ಸೇರುವ ಕಡೆ ಒಂದು ಉಂಗುರ ಇದೆ ನೋಡಿ, ಅದರ ಸಂದು. ಅಲ್ಲಿ ಯಾರೂ ನೋಡುವುದಿಲ್ಲ.

ಚೆಕ್ಸ್ ಶರ್ಟ್ ಹೊಲಿಸಿದವರಿಗೆ ಇನ್ನೊಂದು ಗೊತ್ತು. ಒಳ್ಳೆ ದರ್ಜಿ ಜೇಬು ಹಚ್ಚಿದರೆ ಜೇಬಿನ ಗೆರೆ ಅಂಗಿಯ ಗೆರೆಗೆ ಸರಿಯಾಗಿ ಕೂಡಿರುತ್ತೆ. ಗಡಿಬಿಡಿ ದರ್ಜಿ ಹಚ್ಚಿದ್ದರೆ ದೂರದಿಂದಲೇ ತಿಳಿಯುತ್ತೆ. ನಮ್ಮಲ್ಲೂ ಮೊದಲು ಚೆಕ್ಸ್ ಚಿತ್ರವನ್ನೇ ಹೊದಿಸಿ ನೋಡುತ್ತಾರೆ. ಚೌಕ ಚೌಕವಾಗಿಯೇ ಇದೆಯಾ, ಎಳೆದು ಉದ್ದ ಆಗಿದೆಯಾ? ಕಂಠದಲ್ಲಿ ಚೌಕ ಚಿಕ್ಕದು, ಹೊಟ್ಟೆಯಲ್ಲಿ ದೊಡ್ಡದು ಇದ್ದರೆ ಹೊಟ್ಟೆ ಮಸುಕಾಗಿ ಕಾಣುತ್ತೆ, ಕಂಠ ಮಾತ್ರ ಸ್ಪಷ್ಟ. ಈ ಹಂತ ಬೇಸರದ್ದು, ನಿಜ. ಆದರೆ ಇದನ್ನು ಹಾರಿಸಿದವರು ಯಾರೂ ಮುಂದೆ ನೆಮ್ಮದಿಯಾಗಿ ಕೆಲಸ ಮಾಡಿದ್ದು ನಾನು ನೋಡಿಲ್ಲ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಸುರಾಹಿಯ ಸುತ್ತ ಎಂಟು ಸಲ ಒಂದೇ ಹೂವು ಇದೆ. ಹಾಗಾದರೆ ಒಂದು ಹೂವಿನ ಭಾಗ ಮಾತ್ರ ಬರೆದು ಎಂಟು ಕಡೆ ಹೊದಿಸಿದರೆ ಆಯ್ತಲ್ಲ? ಜಾಗ ಉಳಿತಾಯ. ಜಾಣತನ ಅಂತ ನಾನೂ ಹಾಗೆಯೇ ಮಾಡಿದೆ. ಆಮೇಲೆ ಒಂದು ಹೆಬ್ಬೆರಳ ಗುರುತು ಹಾಕಿದೆ. ತಿರುಗಿಸಿ ನೋಡಿದರೆ ಎಂಟು ಹೆಬ್ಬೆರಳು! ಹೂವು ಎಂಟು ಸಲ ಬರಬಹುದು, ಕೊಳೆ ಎಂಟು ಸಲ ಬರುವುದಿಲ್ಲ. ಈಗ ಹೂವಿಗೆ ಒಂದು ಯುವಿ, ಕೊಳೆಗೆ ಇನ್ನೊಂದು ಯುವಿ ಇಡುತ್ತೇನೆ.

(ಇಲ್ಲಿ ಕರೆಂಟು ಹೋಯಿತು. ಪ್ರೊಜೆಕ್ಟರ್ ಸತ್ತಿತು. ಕಿಟಕಿಗಳಿಗೆ ಪರದೆ ಎಳೆದಿದ್ದರಿಂದ ಸಭಾಂಗಣ ಪೂರ್ತಿ ಕತ್ತಲೆ. ಅಷ್ಟೊತ್ತಿಗೆ ಸುರಾಹಿ ಒಂದು ಸುತ್ತು ಹಾಕಿ ನನ್ನ ಕೈಗೆ ವಾಪಸ್ ಬಂದಿತ್ತು.)

ಒಳ್ಳೆಯದೇ ಆಯ್ತು. ಯಾರಾದರೂ ಫೋನಿನ ಟಾರ್ಚ್ ಹಚ್ಚಿ ಇಲ್ಲಿ ಬನ್ನಿ. ಬನ್ನಿ, ನೀವೇ. ಮೊದಲು ನೇರ ಎದುರಿನಿಂದ ಬೆಳಕು ಬಿಡಿ. ಏನು ಕಾಣುತ್ತೆ? ಕಪ್ಪು, ಬಿಳಿ, ಅಷ್ಟೇ. ಚಪ್ಪಟೆ. ಈಗ ಟಾರ್ಚನ್ನು ಪಕ್ಕಕ್ಕೆ ತನ್ನಿ, ಇನ್ನೂ ಪಕ್ಕಕ್ಕೆ, ಮೈಗೆ ಸವರಿದ ಹಾಗೆ. ಈಗ?

“ಅಕ್ಕಾ, ಗೀರು ಕಾಣ್ತಾವ್ರಿ. ಬೆಳ್ಳಿ ಸುತ್ತ ಸಣ್ಣ ತಗ್ಗು ಅದ.”

ಅಷ್ಟೇ. ಗೀರು ಆಗಲೂ ಇತ್ತು, ಬೆಳಕು ಅಡ್ಡ ಬಂದಾಗ ಕಂಡಿತು. ನಮ್ಮ ಕಣ್ಣಿಗೆ ತಗ್ಗು ಉಬ್ಬು ಅನ್ನಿಸುವುದು ಬೆಳಕು ನೆರಳಿನಿಂದ. ಹಾಗಾದರೆ ನಿಜವಾದ ತಗ್ಗು ಯಾಕೆ ಬೇಕು, ಬೆಳಕನ್ನು ಮೋಸ ಮಾಡಿದರೆ ಸಾಕಲ್ಲ? 1978ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಜಿಮ್ ಬ್ಲಿನ್ ಯೋಚಿಸಿದ್ದು ಇದನ್ನೇ. ಮೈ ಸಪಾಟಾಗಿಯೇ ಇರಲಿ. ಆದರೆ ಈ ಚುಕ್ಕೆಯಲ್ಲಿ ಮೈ ಆ ಕಡೆ ಮುಖ ಮಾಡಿದೆ, ಆ ಚುಕ್ಕೆಯಲ್ಲಿ ಈ ಕಡೆ ಮುಖ ಮಾಡಿದೆ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳುವುದು. ಅದರಿಂದ ಬೆಳೆದದ್ದೇ ಇವತ್ತಿನ ನಾರ್ಮಲ್ ಮ್ಯಾಪ್. ನೀಲಿ ನೇರಳೆ ಬಣ್ಣದ ವಿಚಿತ್ರ ಚಿತ್ರ ನೋಡಿರುತ್ತೀರಿ. ಅದರಲ್ಲಿ ಕೆಂಪು ಎಡ ಬಲ ಹೇಳುತ್ತೆ, ಹಸಿರು ಮೇಲೆ ಕೆಳಗೆ ಹೇಳುತ್ತೆ, ನೀಲಿ ನೇರ ಹೊರಗೆ. ಒಂದೊಂದು ಬಣ್ಣಕ್ಕೂ 0ಯಿಂದ 255ರವರೆಗೆ ಅಳತೆ, ಎಲ್ಲೂ ವಾಲದ ಚುಕ್ಕೆಯ ಬೆಲೆ 128, 128, 255. ಅದಕ್ಕೇ ಆ ನೀಲಿ.

ಇಲ್ಲೊಂದು ಹಳ್ಳ ಇದೆ, ಎಲ್ಲರೂ ಒಂದು ಸಲ ಬೀಳುತ್ತಾರೆ. ಹಸಿರು ಹೆಚ್ಚಾದರೆ ಮೇಲೋ ಕೆಳಗೋ ಅನ್ನುವುದರಲ್ಲಿ ಎರಡು ಪಂಥ. 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಮತ್ತು ಗೇಮ್ ನಡೆಸುವ ಎಂಜಿನ್ ಯೂನಿಟಿ ಒಂದು ಪಂಥ, ಅನ್‌ರಿಯಲ್ ಅನ್ನುವ ಎಂಜಿನ್ ಇನ್ನೊಂದು. ಒಂದಕ್ಕೆ ಮಾಡಿದ್ದನ್ನು ಇನ್ನೊಂದರಲ್ಲಿ ಹಾಗೇ ಹಾಕಿದರೆ ಬೆಳಕು ಮೇಲಿಂದ ಬಂದಾಗ ತಗ್ಗು ಉಬ್ಬಾಗಿ ಕಾಣುತ್ತೆ, ಉಬ್ಬು ತಗ್ಗಾಗಿ. ಕೊರೆದ ಹೂವು ಗುಳ್ಳೆ ಎದ್ದ ಹಾಗೆ. ಹಸಿರು ಚಾನೆಲ್ ತಿರುವಿ ಹಾಕಿದರೆ ಮುಗೀತು, ಒಂದು ಟಿಕ್ ಅಷ್ಟೇ. ನನಗೆ ಆ ಟಿಕ್ ಸಿಗಲು ಎರಡು ದಿನ ಹಿಡಿದಿತ್ತು.

ಈಗ ಟಾರ್ಚ್ ಆರಿಸಬೇಡಿ. ಸುರಾಹಿಯ ಹೊಟ್ಟೆ ನೋಡಿ. ಏನಿದು?

“ಬೆರಳಿನ ಗುರ್ತು.”

ಮೊದಲು ಇತ್ತಾ? ಇಲ್ಲ. ನಾನು ಒರೆಸಿ ಕೊಟ್ಟಿದ್ದೆ. ಇವೆಲ್ಲ ನಿಮ್ಮವು. ಎಲ್ಲಿ ಜಾಸ್ತಿ ಇವೆ? ಕಂಠದ ಕೆಳಗೆ, ಹಿಡಿಯುವ ಕಡೆ. ಪೀಠದ ಹತ್ತಿರ ಒಂದೂ ಇಲ್ಲ. ಹೂವಿನ ಬೆಳ್ಳಿ ಮೇಲೆ ಒಂದು ತರಹ, ಕಪ್ಪಿನ ಮೇಲೆ ಒಂದು ತರಹ. ಬೆಳ್ಳಿ ನುಣುಪು, ಬೆರಳು ಬಿದ್ದರೆ ಅಲ್ಲಿ ಹೊಳಪು ಮಂಕಾಗಿದೆ. ಕಪ್ಪು ಮೊದಲೇ ಮಂಕು, ಬೆರಳಿನ ಜಿಡ್ಡು ಬಿದ್ದ ಕಡೆ ಅದು ಸ್ವಲ್ಪ ಹೊಳೆಯುತ್ತಿದೆ. ಬೆರಳು ಅದೇ, ಜಿಡ್ಡು ಅದೇ. ಕೆಲಸ ಉಲ್ಟಾ. ಇದನ್ನು ನಾನು ಮನೆಯಲ್ಲಿ ಕೂತು ಯೋಚಿಸಿ ಕಂಡುಹಿಡಿಯುತ್ತಿರಲಿಲ್ಲ.

ಗುರುತು ಬಿದ್ದ ಕಡೆ ಬಣ್ಣ ಬದಲಾಗಿದೆಯಾ? ಹೆಚ್ಚೂ ಕಡಿಮೆ ಇಲ್ಲ. ಬದಲಾಗಿದ್ದು ಹೊಳಪು. ಇದೇ ರಫ್‌ನೆಸ್, ಮೈಯ ಒರಟುತನದ ಅಳತೆ. ಸೊನ್ನೆ ಅಂದರೆ ಕನ್ನಡಿ, ಒಂದು ಅಂದರೆ ಸೀಮೆಸುಣ್ಣ. ಹೊಸಬರು ಬಣ್ಣಕ್ಕೆ ಮೂರು ದಿನ ಕೊಡುತ್ತಾರೆ, ರಫ್‌ನೆಸ್‌ಗೆ ಒಂದು ಸ್ಲೈಡರ್ ಎಳೆದು ಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಉಲ್ಟಾ ಮಾಡಿ. ಬಿದ್ರಿಯಂಥ ವಸ್ತುವಿನಲ್ಲಿ ಬಣ್ಣ ಎರಡೇ. ಇಡೀ ಕಥೆ ಹೊಳಪಿನಲ್ಲಿದೆ. ಕಲಬುರಗಿ ಕಡೆಯ ಮನೆಗಳಲ್ಲಿ ಶಹಾಬಾದ್ ಪರ್ಸಿ ಹಾಸಿರುತ್ತಾರಲ್ಲ, ಬಾಗಿಲ ಹತ್ತಿರ ಬಗ್ಗಿ ನೋಡಿ. ಕಲ್ಲಿನ ಬಣ್ಣ ಎಲ್ಲ ಕಡೆ ಅದೇ ಬೂದು. ಆದರೆ ಮಂದಿ ನಡೆದಾಡುವ ದಾರಿ ನುಣುಪಾಗಿ ಬೆಳಕು ಹಿಡಿಯುತ್ತೆ, ಮೂಲೆ ಮಂಕಾಗಿರುತ್ತೆ. ಆ ಮನೆಯವರು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಅಂತ ನೆಲ ನೋಡಿಯೇ ಹೇಳಬಹುದು.

(ಕರೆಂಟು ಬಂತು. ಯಾರೋ ಚಪ್ಪಾಳೆ ಹೊಡೆದರು. ಸುರಾಹಿಯನ್ನು ಎರಡನೇ ಸುತ್ತಿಗೆ ಕಳಿಸಿದೆ.)

ಮೆಟಾಲಿಕ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇದು ಹೌದು ಅಲ್ಲ ಅನ್ನುವ ಪ್ರಶ್ನೆ. ಲೋಹವಾದರೆ ಒಂದು, ಅಲ್ಲದಿದ್ದರೆ ಸೊನ್ನೆ. ಬೆಳ್ಳಿ ಒಂದು. ಕೆಳಗಿನ ಸತುವೂ ಒಂದು. ಆದರೆ ಕಪ್ಪು? ಅದು ಲೋಹದ ಮೇಲೆ ಕೂತಿದ್ದರೂ ಬರಿಯ ಲೋಹ ಅಲ್ಲ, ರಾಸಾಯನಿಕವಾಗಿ ಬದಲಾದ ಪದರ. ತುಕ್ಕಿನ ಹಾಗೆ. ತುಕ್ಕಿಗೆ ಹೇಗೆ ಸೊನ್ನೆ ಕೊಡುತ್ತಾರೋ ಕಪ್ಪಿಗೂ ನಾನು ಸೊನ್ನೆ ಕೊಡುತ್ತೇನೆ. ಎಣ್ಣೆ ಸವರಿದ ಕಡೆ ರಫ್‌ನೆಸ್ ಸ್ವಲ್ಪ ಇಳಿಸುತ್ತೇನೆ. ಬಣ್ಣ ಪೂರ್ತಿ ಕಪ್ಪು, ಅಂದರೆ 0, 0, 0 ಇಡಬೇಡಿ. ನಾವು ದಿನಾ ನೋಡುವ ಕರಿ ವಸ್ತುವೂ ಒಂದಿಷ್ಟು ಬೆಳಕು ವಾಪಸ್ ಕೊಡುತ್ತೆ. ಇದ್ದಿಲೂ ಕೊಡುತ್ತೆ. 30ರ ಆಸುಪಾಸಿನಿಂದ ಶುರು ಮಾಡಿ. ಹೀಗೆ ಬಣ್ಣ, ಮೆಟಾಲಿಕ್, ರಫ್‌ನೆಸ್ ಅಂತ ಬಿಡಿಸಿ ಹೇಳುವ ಪದ್ಧತಿ ಡಿಸ್ನಿಯ ಬ್ರೆಂಟ್ ಬರ್ಲಿ 2012ರಲ್ಲಿ ಮಂಡಿಸಿದ್ದರಿಂದ ಹರಡಿತು. ಅದಕ್ಕೆ ಮುಂಚೆ ಹೊಳಪನ್ನು ಚಿತ್ರದಲ್ಲೇ ಬಿಳಿ ಬಣ್ಣದಿಂದ ಬರೆದುಬಿಡುವುದು ಜಾಸ್ತಿ ಇತ್ತು. ವಸ್ತು ತಿರುಗಿದರೂ ಹೊಳಪು ಅಲ್ಲೇ ಅಂಟಿಕೊಂಡಿರುತ್ತಿತ್ತು.

ಒಬ್ಬ ಹುಡುಗ ಮುಂಚೆಯೇ ಕೈ ಎತ್ತಿದ್ದಾನೆ. ಹೇಳಪ್ಪಾ.

“ಮೇಡಂ, ನಾ ಎಲ್ಲಾ ಸರಿ ಮಾಡ್ತೀನ್ರಿ. ಪೇಂಟರ್ ಸಾಫ್ಟ್‌ವೇರ್‌ನ್ಯಾಗ ಛಲೋ ಕಾಣ್ತದ. ಗೇಮ್ ಎಂಜಿನ್‌ನ್ಯಾಗ ಹಾಕಿದ್ರ ಎಣ್ಣಿ ಹಚ್ಚಿದಂಗ ಫಳಫಳ ಅಂತದ. ಯಾಕ್ರಿ?”

ರಫ್‌ನೆಸ್ ಚಿತ್ರವನ್ನು ಎಸ್‌ಆರ್‌ಜಿಬಿ, ಅಂದರೆ ಬಣ್ಣದ ಚಿತ್ರ, ಅಂತ ಬಿಟ್ಟಿದ್ದೀಯಾ ನೋಡು. (ಅವನು ಅಲ್ಲೇ ಲ್ಯಾಪ್‌ಟಾಪ್ ತೆಗೆದು ನೋಡಿದ. ಹೌದು.) ಇದು ನಿನ್ನೊಬ್ಬನ ಕಥೆ ಅಲ್ಲ. ಬಣ್ಣದ ಚಿತ್ರದಲ್ಲಿ 128 ಅಂದರೆ ಅರ್ಧ ಬೆಳಕು ಅಲ್ಲ, ಸುಮಾರು 22 ಶೇಕಡ. ನಮ್ಮ ಕಣ್ಣಿಗೆ ಹೊಂದುವ ಹಾಗೆ ಬಗ್ಗಿಸಿದ ಅಳತೆ ಅದು. ರಫ್‌ನೆಸ್, ಮೆಟಾಲಿಕ್, ನಾರ್ಮಲ್ ಇವು ಬಣ್ಣಗಳಲ್ಲ, ಬರೀ ಅಂಕಿ. ಬಣ್ಣ ಅಂತ ಓದಿದರೆ ನೀನು ಅರ್ಧ ಅಂತ ಕೊಟ್ಟ ಒರಟುತನ ಕಾಲಿಗಿಂತ ಕೆಳಗೆ ಇಳಿಯುತ್ತೆ. ಫಳಫಳ ಅನ್ನದೇ ಏನು ಮಾಡೀತು? ಬ್ಲೆಂಡರ್‌ನಲ್ಲಿ ‘ನಾನ್ ಕಲರ್’ ಅಂತ ಇದೆ, ಅದನ್ನು ಆರಿಸು. ಎಂಜಿನ್‌ನಲ್ಲಿ ಎಸ್‌ಆರ್‌ಜಿಬಿ ಟಿಕ್ ತೆಗೆ.

ಈಗ ಕೋಟೆ. ನಿಮ್ಮಷ್ಟು ಅದೃಷ್ಟ ಬೇರೆ ಊರಿನವರಿಗಿಲ್ಲ. ಟೆಕ್ಸ್ಚರ್ ಕಲಿಯುವವರು ದುಡ್ಡು ಕೊಟ್ಟು ಕಲ್ಲಿನ ಫೋಟೋ ಕೊಳ್ಳುತ್ತಾರೆ. ನಿಮಗೆ ಊರಲ್ಲೇ ಕೆಂಪು ಜಂಬಿಟ್ಟಿಗೆ, ಕರಿ ಕಲ್ಲು, ಗಾರೆ, ಬಣ್ಣದ ಹೆಂಚು ಎಲ್ಲ ಇದೆ. ಫೋನ್ ತಗೊಂಡು ಹೋಗಿ. ಆದರೆ ಬಿಸಿಲಲ್ಲಿ ಹೋಗಬೇಡಿ. ಜಂಬಿಟ್ಟಿಗೆಯ ಮೈ ತುಂಬ ತೂತು. ಬಿಸಿಲಿದ್ದರೆ ಪ್ರತಿ ತೂತಿನಲ್ಲೂ ಗಟ್ಟಿ ನೆರಳು. ಆ ನೆರಳು ಚಿತ್ರದಲ್ಲಿ ಅಂಟಿಕೊಂಡು ಬರುತ್ತೆ. ಗೇಮ್‌ನಲ್ಲಿ ಸೂರ್ಯ ಎಡಕ್ಕಿದ್ದರೆ ನಿಮ್ಮ ಕಲ್ಲಿನ ನೆರಳು ಬಲದ ಸೂರ್ಯನಿಗೆ ಬಿದ್ದಿರುತ್ತೆ. ಮೋಡ ಕವಿದ ದಿನ ಹೋಗಿ, ಗೋಡೆಗೆ ನೇರ ಎದುರು ನಿಂತು ತೆಗೆಯಿರಿ. ಬಣ್ಣ ಹೊಂದಿಸಲು ಒಂದು ಫೋಟೋದಲ್ಲಿ ಬಿಳಿ ಹಾಳೆ ಹಿಡಿದಿರಲಿ. ಕಲ್ಲು ಕೆರೆಯುವುದು, ಗೀರುವುದು ಬೇಡ, ದಯವಿಟ್ಟು.

ಮಳೆ ನಿಂತ ಮೇಲೆ ಅದೇ ಗೋಡೆಗೆ ಇನ್ನೊಂದು ಸಲ ಹೋಗಿ. ತೂತಿನ ಕಲ್ಲು ನೀರು ಕುಡಿದು ಗಾಢವಾಗಿರುತ್ತೆ, ಮೇಲೆ ನೀರು ನಿಂತ ಕಡೆ ಹೊಳೆಯುತ್ತೆ. ಬಣ್ಣ ಕೆಳಗೆ, ರಫ್‌ನೆಸ್ ಕೆಳಗೆ. ಈ ಎರಡು ಒಟ್ಟಿಗೆ ಇಳಿಸಿದರೆ ಗೇಮ್‌ನಲ್ಲಿ ಕಲ್ಲು ಒದ್ದೆ ಅನ್ನಿಸುತ್ತೆ. ಬರೀ ಹೊಳಪು ಕೊಟ್ಟರೆ ಪ್ಲಾಸ್ಟಿಕ್ ಅನ್ನಿಸುತ್ತೆ.

ಆ ಫೋಟೋವನ್ನು ಗೋಡೆ ತುಂಬ ಮತ್ತೆ ಮತ್ತೆ ಹಾಸಬೇಕಾದರೆ ಅಂಚು ಕೂಡಿಸಬೇಕು. ಚಿತ್ರವನ್ನು ಅರ್ಧ ಅಡ್ಡ, ಅರ್ಧ ಉದ್ದ ಸರಿಸಿ. ಅಂಚು ನಡುವೆ ಬರುತ್ತೆ. ಅದನ್ನು ಕ್ಲೋನ್ ಬ್ರಷ್‌ನಿಂದ ಅಳಿಸಿ. ಗಿಂಪ್, ಕ್ರಿಟಾ ಎರಡರಲ್ಲೂ ಆಗುತ್ತೆ, ಎರಡೂ ಫ್ರೀ. ಆಮೇಲೆ ಎದ್ದು ಕಾಣುವ ಒಂದು ದೊಡ್ಡ ತೂತು ಇದ್ದರೆ ಅದನ್ನೂ ಮುಚ್ಚಿ. ಇಲ್ಲದಿದ್ದರೆ ಗೋಡೆ ತುಂಬ ಪ್ರತಿ ಎರಡು ಮೀಟರ್‌ಗೆ ಅದೇ ತೂತು ಸಾಲಾಗಿ ನಿಂತು ಗುರಾಯಿಸುತ್ತೆ.

ಮಹಮೂದ್ ಗವಾನ್ ಮದರಸಾದ ಮಿನಾರ್ ಎದುರು ಒಂದು ಗಂಟೆ ಕೂತುಕೊಳ್ಳಿ. 1472ರ ಕಟ್ಟಡ. ಉಳಿದ ಮಿನಾರ್ ಮೇಲೆ ಅಂಕುಡೊಂಕು ಸಾಲಿನ ಬಣ್ಣದ ಹೆಂಚಿದೆ. ಎಲ್ಲಿ ಉಳಿದಿದೆ, ಎಲ್ಲಿ ಉದುರಿದೆ ಅಂತ ಬರೆದುಕೊಳ್ಳಿ. ಉದುರಿದ್ದು ಅಂಚಿನಲ್ಲೇ ಅಲ್ಲ, ಚುಕ್ಕೆ ಚುಕ್ಕೆಯಾಗಿಯೂ ಅಲ್ಲ, ತೇಪೆ ತೇಪೆಯಾಗಿ. ಒಂದು ಹೆಂಚು ಬಿದ್ದರೆ ಪಕ್ಕದ್ದಕ್ಕೆ ಆಸರೆ ತಪ್ಪುತ್ತೆ, ಸಂದಿನಲ್ಲಿ ನೀರು ಹೋಗುತ್ತೆ, ಅದೂ ಸಡಿಲವಾಗುತ್ತೆ. ರೆಡಿ ಎಫೆಕ್ಟ್‌ಗೆ ಇದು ಗೊತ್ತಿಲ್ಲ. ಅದು ಎಲ್ಲ ವಸ್ತುವಿನ ಅಂಚನ್ನೂ ಒಂದೇ ಸಮ ಕೆರೆಯುತ್ತೆ. ಪೆಟ್ಟಿಗೆಗೂ ಅದೇ, ಕತ್ತಿಗೂ ಅದೇ, ಸುರಾಹಿಗೂ ಅದೇ. ಆ ಬಟನ್ ಒತ್ತಬೇಡಿ ಅಂತ ಹೇಳುವುದಿಲ್ಲ, ನಾನೇ ಒತ್ತುತ್ತೇನೆ. ಒತ್ತಿದ ಮೇಲೆ ಮುಕ್ಕಾಲು ಪಾಲು ಅಳಿಸುತ್ತೇನೆ.

ರಂಗೀನ್ ಮಹಲ್ ಒಳಗೆ ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಕರಿಯಲ್ಲಿ ಹೊಳೆಯುವುದನ್ನು ಕೂಡಿಸುವ ಹುಚ್ಚು ಈ ಊರಿಗೆ ಹಳೆಯದು! ಚಿಪ್ಪಿನ ಬಣ್ಣ ನೋಡುವ ಕೋನಕ್ಕೆ ಬದಲಾಗುತ್ತೆ, ಅದನ್ನು ಬರೀ ಚಿತ್ರದಿಂದ ತರಲಾಗುವುದಿಲ್ಲ. ಅದು ಇನ್ನೊಂದು ದಿನದ ಪಾಠ.

ಸೈಜ್ ಬಗ್ಗೆ ಒಂದು ಮಾತು. ಎಲ್ಲರೂ 4096 ಪಿಕ್ಸೆಲ್‌ನ ಚಿತ್ರ ಬೇಕು ಅನ್ನುತ್ತೀರಿ. ಲೆಕ್ಕ ಹಾಕಿ. 4096 ಉದ್ದ, 4096 ಅಗಲ, ಪಿಕ್ಸೆಲ್‌ಗೆ 4 ಬೈಟ್. 64 ಎಂಬಿ. ಒಂದು ವಸ್ತುವಿಗೆ ಅಂಥ ನಾಲ್ಕು ಚಿತ್ರ ಅಂದರೆ 256 ಎಂಬಿ. ದೂರದಿಂದ ನೋಡಲು ಬೇಕಾದ ಚಿಕ್ಕ ಪ್ರತಿಗಳು, ಮಿಪ್‌ಮ್ಯಾಪ್ ಅನ್ನುತ್ತಾರೆ, ಅವಕ್ಕೆ ಮೂರನೇ ಒಂದು ಭಾಗ ಹೆಚ್ಚು. ಒಂದು ಸುರಾಹಿಗೆ! ಎಂಜಿನ್ ಕುಗ್ಗಿಸಿ ಇಡುತ್ತೆ, ಬಿಸಿ7 ಅನ್ನುವ ಕ್ರಮದಲ್ಲಿ ಪಿಕ್ಸೆಲ್‌ಗೆ ಒಂದೇ ಬೈಟ್, ಕಾಲು ಭಾಗ. ಆದರೂ ಜಾಸ್ತಿನೇ. ಪರದೆಯ ಮೇಲೆ ಸುರಾಹಿ ನಾಲ್ಕು ಬೆರಳಷ್ಟು ಎತ್ತರ ಕಾಣುವುದಾದರೆ 1024 ಧಾರಾಳ. ಅದರ ಮೇಲೆ ಖರ್ಚು ಮಾಡಿದ ಪಿಕ್ಸೆಲ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಾಫ್ಟ್‌ವೇರ್ ಯಾವುದು ಅಂತ ಚೀಟಿಯಲ್ಲಿ ಮೂವರು ಕೇಳಿದ್ದೀರಿ. ಬ್ಲೆಂಡರ್ ಸಾಕು, ಅದರಲ್ಲೇ ಪೇಂಟ್ ಮಾಡಬಹುದು, ದುಡ್ಡಿಲ್ಲ. ಸಬ್‌ಸ್ಟೆನ್ಸ್ ಪೇಂಟರ್‌ನಲ್ಲಿ ಕೆಲಸ ಬೇಗ ಆಗುತ್ತೆ, ಸ್ಟುಡಿಯೋಗಳಲ್ಲಿ ಅದನ್ನೇ ಕೇಳುತ್ತಾರೆ, 2019ರಿಂದ ಅದು ಅಡೋಬಿಯದು. ಪಾಲಿ ಹೇವನ್ ಅನ್ನುವ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಬಳಸಬಹುದಾದ ಟೆಕ್ಸ್ಚರ್‌ಗಳಿವೆ, ಅವನ್ನು ಬಿಚ್ಚಿ ನೋಡಿಯೇ ಬಹಳ ಕಲಿಯಬಹುದು.

ಕಡೆಯ ಪ್ರಶ್ನೆ. ಹಿಂದಿನ ಸಾಲಿನಲ್ಲಿ ಸುರಾಹಿ ಹಿಡಿದುಕೊಂಡು ಕೂತವರು. ಕೊಡದೆ ಆಗಿನಿಂದ ಇಟ್ಟುಕೊಂಡಿದ್ದೀರಿ, ಗಮನಿಸಿದ್ದೇನೆ.

“ಪ್ರಶ್ನೆ ಅಲ್ರೀ ಅಕ್ಕಾ. ನಮ್ಮ ಮನ್ಯಾಗ ಇದೇ ಕೆಲಸ. ನಿಮ್ಮ ಪರದೆ ಮ್ಯಾಲಿಂದು ನೋಡಿದೆ. ಬಳ್ಳಿ ಛಲೋ ಅದ. ಆದ್ರ ತಂತಿ ಎಲ್ಲೂ ಮುಗಿಯಂಗಿಲ್ಲ.”

ಮುಗಿಯೋದಿಲ್ಲ ಅಂದರೆ?

“ಒಂದು ತಂತಿ ಎಷ್ಟುದ್ದ ಇರ್ತದ್ರಿ? ಮುಗಿದ ಕಡೆ ಇನ್ನೊಂದು ಇಟ್ಟು ಬಡೀಬೇಕಲ್ಲ. ಸಂದು ಬರ್ತದ. ನಿಮ್ಮದ್ರಾಗ ಸಂದೇ ಇಲ್ಲ. ಇಲ್ಲಿ ಬರ್ರಿ, ತೋರಸ್ತೀನಿ.”

ನಾನು ವೇದಿಕೆ ಇಳಿದು ಹೋದೆ. ಅವನು ಮೂರನೇ ಎಲೆಯ ಬುಡಕ್ಕೆ ಉಗುರು ಇಟ್ಟು ತೋರಿಸಿದ. ಕೂದಲೆಳೆಯಷ್ಟು ಕರಿ ಗೆರೆ. ಇಷ್ಟು ವರ್ಷ ಈ ಸುರಾಹಿ ನನ್ನ ಮೇಜಿನ ಮೇಲಿದೆ. ಇಬ್ಬರೂ ಸೇರಿ ಹುಡುಕಿದೆವು, ಹೊಟ್ಟೆಯ ಒಂದು ಬದಿಯಲ್ಲೇ ಹನ್ನೊಂದು ಸಿಕ್ಕವು. ಚಹಾ ಬಂದಿದೆ ಅಂತ ಯಾರೋ ಕರೆಯುತ್ತಿದ್ದರು. ನಾನು ಲ್ಯಾಪ್‌ಟಾಪ್ ಕೆಳಗೆ ತರಿಸಿಕೊಂಡೆ, ಬೆಳ್ಳಿಯ ಪದರ ತೆರೆದೆ, ಬ್ರಷ್ ಎರಡು ಪಿಕ್ಸೆಲ್‌ಗೆ ಇಳಿಸಿದೆ. “ಇನ್ನೂ ಸಣ್ಣದು ಮಾಡ್ರಿ” ಅಂದ ಅವನು.